ರೈಲೇ ಇಲ್ಲದ ಜಿಲ್ಲೆಯಲ್ಲಿ ಒಂದು ಯುದ್ಧದ ರೈಲು: ಮಾಡೆಲ್ ಕಟ್ಟಿದ ಒಂದು ಪ್ರಕರಣ

ಸ್ಕೇಲ್ ಮಾಡೆಲ್ ಕಟ್ಟುವವರು ಸಾಮಾನ್ಯವಾಗಿ ಮುಗಿದ ಮಾಡೆಲ್ಲಿನ ಫೋಟೋ ತೋರಿಸುತ್ತಾರೆ. ನಡುವೆ ಕೆಲಸ ಎಲ್ಲಿ ನಿಂತಿತು, ಯಾರು ಏನು ಹೇಳಿದ ಮೇಲೆ ಮತ್ತೆ ಹೊರಟಿತು ಅನ್ನುವುದು ಫೋಟೋದಲ್ಲಿ ಕಾಣುವುದಿಲ್ಲ. ಹೊಸದಾಗಿ ಶುರು ಮಾಡುವವರಿಗೆ ಬೇಕಾಗಿರುವುದು ಅದೇ ಅಲ್ವಾ? ಅದಕ್ಕೇ ನಾನು ಹತ್ತಿರದಿಂದ ನೋಡಿದ, ಆಗಾಗ ಕೈಜೋಡಿಸಿದ ಒಂದು ಪ್ರಕರಣವನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ. ಕೊಡಗಿನ ಒಂದು ಕಾಫಿ ತೋಟದ ಮನೆಯಲ್ಲಿ, ಎರಡನೇ ಮಹಾಯುದ್ಧದ ಜರ್ಮನ್ ಕವಚದ ರೈಲನ್ನು, ಅಂದರೆ ಉಕ್ಕಿನ ತಗಡು ಹೊದಿಸಿ ತೋಪು ಕೂರಿಸಿದ ರೈಲನ್ನು, 1/35 ಅಳತೆಯಲ್ಲಿ (ನಿಜವಾದದ್ದರ ಮೂವತ್ತೈದನೇ ಒಂದು ಭಾಗ) ಕಟ್ಟಿದ ಪ್ರಕರಣ ಇದು. ಊರು, ಮನೆತನ, ಹೆಸರು ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಮನೆಯ ಒಂದೆರಡು ವಿವರ ಬದಲಿಸಿದ್ದೇನೆ. ಕೆಲಸದ ವಿವರ ಮಾತ್ರ ಇದ್ದದ್ದು ಇದ್ದ ಹಾಗೇ ಇದೆ.

ಹಿನ್ನೆಲೆ

ಕಟ್ಟಿದವರು ಸೈನ್ಯದ ಇಎಂಇಯಿಂದ ನಿವೃತ್ತರಾದ ಒಬ್ಬ ಸುಬೇದಾರರು. ಇಎಂಇ ಅಂದರೆ ಲಾರಿ, ಟ್ಯಾಂಕ್, ತೋಪು ಎಲ್ಲವನ್ನೂ ರಿಪೇರಿ ಮಾಡುವ ದಳ. ಹಾಗಾಗಿ ಕೈ ಪಳಗಿತ್ತು, ಅಳತೆಯ ಶಿಸ್ತು ಇತ್ತು. ಇವರನ್ನು ಸುಬೇದಾರರು ಅಂತಲೇ ಕರೆಯುತ್ತೇನೆ. ಜೊತೆಗಿದ್ದವಳು ಮೊಮ್ಮಗಳು, ಮೈಸೂರಿನಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದಳು, ರಜೆಗೆ ಮನೆಗೆ ಬರುತ್ತಿದ್ದಳು. ಸುಬೇದಾರರು ಮೊದಲು ಟ್ಯಾಂಕ್ ಮಾಡೆಲ್‌ಗಳನ್ನು ಕಟ್ಟಿದ್ದರು. ರೈಲು ಮೊದಲ ಸಲ.

ಕೊಡಗಿನಲ್ಲಿ ರೈಲು ಹಳಿಯೇ ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಮೈಸೂರಿಗೆ ಇಳಿಯಬೇಕು, ಇಲ್ಲವೇ ಘಟ್ಟ ಇಳಿದು ತಲಶ್ಶೇರಿ, ಕಣ್ಣೂರು ಕಡೆ ಹೋಗಬೇಕು. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ದಿನಾ ರೈಲು ನೋಡುವವರಿಗೆ ತಾನಾಗಿ ಗೊತ್ತಿರುವ ಎಷ್ಟೋ ಸಂಗತಿಗಳನ್ನು ಇವರು ಹುಡುಕಿಕೊಂಡು ಹೋಗಿ ಕಲಿಯಬೇಕಾಯಿತು. ಜಲ್ಲಿ ಯಾವ ಬಣ್ಣಕ್ಕೆ ತಿರುಗುತ್ತದೆ, ಬ್ರೇಕ್ ಧೂಳು ಎಲ್ಲಿ ಕೂರುತ್ತದೆ, ಎಣ್ಣೆ ಎಲ್ಲಿ ಜಿನುಗುತ್ತದೆ, ಇಂಥವು.

ಕವಚದ ರೈಲಿನ ಇತಿಹಾಸ ದೊಡ್ಡದು. 1899ರ ನವೆಂಬರ್ 15ರಂದು ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಸೈನಿಕರು ಬ್ರಿಟಿಷರ ಕವಚದ ರೈಲೊಂದನ್ನು ಅಡ್ಡಗಟ್ಟಿ ಉರುಳಿಸಿದರು. ಅದರಲ್ಲಿ ಪತ್ರಿಕೆಯ ವರದಿಗಾರರಾಗಿದ್ದ ವಿನ್‌ಸ್ಟನ್ ಚರ್ಚಿಲ್ ಸೆರೆಯಾದರು. 1940ರಲ್ಲಿ ಇಂಗ್ಲೆಂಡಿನ ಕೆಂಟ್ ತೀರದ ರಾಮ್ನಿ ಹೈಥ್ ಅಂಡ್ ಡಿಮ್‌ಚರ್ಚ್ ಎಂಬ 15 ಇಂಚು ಅಗಲದ ಹಳಿಯ ಪುಟ್ಟ ರೈಲಿಗೂ ತಗಡು ಹೊದಿಸಿ, ಮೆಷಿನ್ ಗನ್ ಕೂರಿಸಿ ಕಾವಲಿಗೆ ಬಿಟ್ಟಿದ್ದರು. ಮೊಮ್ಮಗಳಿಗೆ ಈ ಪುಟ್ಟ ರೈಲೇ ಬೇಕಿತ್ತು. ಸುಬೇದಾರರಿಗೆ ದೊಡ್ಡದು ಬೇಕಿತ್ತು. ಅವರು ಆರಿಸಿದ್ದು ಜರ್ಮನರ ಬಿಪಿ 42. ಜರ್ಮನರು 1942ರಲ್ಲಿ ಒಂದು ಮಟ್ಟದ ನಕ್ಷೆ ಮಾಡಿಕೊಂಡು ಕಟ್ಟಿದ ಕವಚದ ರೈಲು ಇದು. ನಡುವೆ ಕವಚ ಹೊದಿಸಿದ ಉಗಿ ಎಂಜಿನ್, ಎರಡೂ ಕಡೆ ಸಮನಾಗಿ ತೋಪಿನ ಬೋಗಿ, ವಿಮಾನ ಹೊಡೆಯುವ ಗನ್ನಿನ ಬೋಗಿ, ಕಮಾಂಡ್ ಬೋಗಿ, ಎರಡು ತುದಿಯಲ್ಲಿ ಟ್ಯಾಂಕ್ ಹೊತ್ತ ತಗ್ಗು ಬೋಗಿ. ಅಗತ್ಯ ಬಿದ್ದರೆ ಟ್ಯಾಂಕ್ ಇಳಿಜಾರು ಹಲಗೆಯ ಮೇಲಿಂದ ನೆಲಕ್ಕೆ ಇಳಿದು ಹೋರಾಡಬಹುದಿತ್ತು.

ಮೊದಲ ಸಿಕ್ಕು: ಎಷ್ಟು ಕಟ್ಟುವುದು

ಸುಬೇದಾರರ ಆಸೆ ಇಡೀ ರೈಲು. ನಾನು ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ತೋರಿಸಿದೆ. ಎಂಜಿನ್ ಒಂದೇ ಸುಮಾರು 19 ಮೀಟರ್ ಉದ್ದ. 1/35ರಲ್ಲಿ ಅದು 54 ಸೆಂಟಿಮೀಟರ್. ಬೋಗಿಗಳೆಲ್ಲ ಸೇರಿದರೆ ಎರಡೂವರೆ ಮೀಟರಿಗೂ ಜಾಸ್ತಿ. ಅದನ್ನು ಇಡುವುದು ಎಲ್ಲಿ? 1/72 ಅಳತೆಗೆ ಹೋದರೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಆದರೆ ಅವರ ಕಣ್ಣಿಗೆ, ಬೆರಳಿಗೆ ಆ ಸಣ್ಣ ಭಾಗಗಳು ಒಗ್ಗುತ್ತಿರಲಿಲ್ಲ. ಮನೆಯಲ್ಲಿದ್ದ ಟ್ಯಾಂಕ್‌ಗಳೆಲ್ಲ 1/35ರವು. ಜೊತೆಗೆ ಇಡುವುದಾದರೆ ಅದೇ ಅಳತೆ ಬೇಕು.

ಇನ್ನೊಂದು ತೊಡಕು, ಸಿಗುವ ವಸ್ತು. ಈ ರೈಲಿನ ಎಂಜಿನ್ ಬಿಆರ್ 57. ಟ್ರಂಪೆಟರ್ ಕಂಪನಿಯ ಕವಚದ ಬಿಆರ್ 57 ಎಂಜಿನ್ ಕಿಟ್ 1/35ರಲ್ಲಿ ಸಿಕ್ಕಿತು. ಟ್ಯಾಂಕ್ ಬೋಗಿಯ ಮೇಲಿಡಲು ಪ್ಯಾಂಜರ್ 38 (ಟಿ) ಕಿಟ್ ಕೂಡ ಸಿಕ್ಕಿತು. ತೋಪಿನ ಬೋಗಿ ಅವರ ಕೈಗೆ ಸಿಗಲಿಲ್ಲ. ಅದನ್ನು ಪ್ಲಾಸ್ಟಿಕ್ ಶೀಟ್ ಕತ್ತರಿಸಿ ಸೊನ್ನೆಯಿಂದ ಕಟ್ಟಬೇಕು.

ಇಲ್ಲಿ ಮಾತುಕತೆ ಬಹಳ ನಡೆಯಿತು. "ಅಜ್ಜ, ಎಂಟು ಬೋಗಿ ಶುರು ಮಾಡಿ ಎರಡು ಮುಗಿಸೋದಕ್ಕಿಂತ ಮೂರು ಶುರು ಮಾಡಿ ಮೂರನ್ನೂ ಮುಗಿಸೋಣ" ಅಂದಳು ಮೊಮ್ಮಗಳು. ಸುಬೇದಾರರು ಒಪ್ಪಲಿಲ್ಲ. ಮೊದಲ ಮಳೆಗಾಲ ಪೂರ್ತಿ ಇಡೀ ರೈಲಿನ ಯೋಜನೆಯಲ್ಲೇ ಕಳೆಯಿತು. ನನ್ನ ಪ್ರಕಾರ ಈ ಕಾಲ ವ್ಯರ್ಥವಾಗಲಿಲ್ಲ. ಇಡೀ ರೈಲನ್ನು ಕಾಗದದ ಮೇಲೆ ಅರ್ಥ ಮಾಡಿಕೊಂಡ ಮೇಲೆ ತಾನೇ ಯಾವ ತುಂಡನ್ನು ಉಳಿಸಿಕೊಳ್ಳಬೇಕು ಅಂತ ಗೊತ್ತಾಗುವುದು.

ಸನ್‌ಬೋರ್ಡ್ ಕೈಕೊಟ್ಟದ್ದು

ತೋಪಿನ ಬೋಗಿಗೆ ಮೊದಲು ಬಳಸಿದ್ದು ಬೋರ್ಡ್ ಬರೆಯುವ ಅಂಗಡಿಯಲ್ಲಿ ಸಿಗುವ ಬಿಳಿ ಶೀಟ್, ಸನ್‌ಬೋರ್ಡ್ ಅಂತಾರಲ್ಲ ಅದು. ಅಗ್ಗ, ಬೇಗ ಕತ್ತರಿಸಬಹುದು. ಆದರೆ ಅದು ಪಿವಿಸಿಯ ನೊರೆ ಹಲಗೆ. ಕತ್ತರಿಸಿದ ಅಂಚು ಸ್ಪಂಜಿನ ಹಾಗೆ ಕಾಣುತ್ತದೆ. ಎಷ್ಟು ಪುಟ್ಟಿ ಹಚ್ಚಿ ಉಜ್ಜಿದರೂ ಉಕ್ಕಿನ ತಗಡಿನ ಚೂಪು ಬರುವುದಿಲ್ಲ. ಜೊತೆಗೆ, ಮಾಡೆಲ್ಲಿನ ತೆಳು ಅಂಟು ಇದಕ್ಕೆ ಹಿಡಿಯುವುದಿಲ್ಲ. ಆ ಅಂಟು ನಿಜಕ್ಕೂ ಅಂಟೇ ಅಲ್ಲ, ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಕರಗಿಸಿ ಎರಡು ತುಂಡನ್ನು ಒಂದಾಗಿ ಬೆಸೆಯುವ ದ್ರವ. ಬೇರೆ ಪ್ಲಾಸ್ಟಿಕ್ಕಿನ ಮೇಲೆ ಹಾಕಿದರೆ ಸುಮ್ನೆ ಆರಿ ಹೋಗುತ್ತದೆ.

ಮೊದಲ ಬೋಗಿಯ ಗೋಡೆ ಎರಡು ವಾರದಲ್ಲೇ ಬಾಗಿತು. ಅದನ್ನು ಬಿಟ್ಟುಕೊಟ್ಟರು. ನಂತರ ಹೈ ಇಂಪ್ಯಾಕ್ಟ್ ಪಾಲಿಸ್ಟೈರೀನ್ ಶೀಟ್ ಹುಡುಕಿ ತಂದರು. ಇಲ್ಲಿ ಒಂದು ಉಪಾಯ ಹೇಳಲೇಬೇಕು. ಅಂಗಡಿಯವರು ಎಲ್ಲ ಬಿಳಿ ಶೀಟನ್ನೂ ಒಂದೇ ಹೆಸರಲ್ಲಿ ಕರೆಯುವುದುಂಟು. ಹೋಗುವಾಗ ತೆಳು ಅಂಟಿನ ಬಾಟಲಿ ಜೇಬಿನಲ್ಲಿರಲಿ. ಒಂದು ಚೂರು ಕೇಳಿ ಪಡೆದು ಮೂಲೆಗೆ ಒಂದು ಹನಿ ಹಾಕಿ. ಕೂಡಲೇ ಮೆತ್ತಗಾಗಿ ಬೆರಳಿಗೆ ಅಂಟಿದರೆ ಅದು ಪಾಲಿಸ್ಟೈರೀನ್. ಸುಟ್ಟು ನೋಡುವ ಪರೀಕ್ಷೆ ಬೇಡ, ಪಿವಿಸಿ ಹೊಗೆ ಒಳ್ಳೆಯದಲ್ಲ.

ದಪ್ಪದ ಲೆಕ್ಕವೂ ಮುಖ್ಯ. ಬಿಪಿ 42ರ ಕವಚ 15ರಿಂದ 30 ಮಿಲಿಮೀಟರ್. ಮೂವತ್ತು ಮಿಲಿಮೀಟರ್ 1/35ರಲ್ಲಿ ಒಂದು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ. ಹದಿನೈದು ಅಂದರೆ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಹಾಗಾಗಿ ಗೋಡೆಗೆ 1 ಮಿಲಿಮೀಟರ್ ಶೀಟ್ ನಡೆಯುತ್ತದೆ. ಆದರೆ ತೆರೆದಿಟ್ಟ ಬಾಗಿಲಿನ ಅಂಚು, ಗುಂಡು ಹಾರಿಸುವ ಕಿಂಡಿಯ ಮುಚ್ಚಳ, ಇಂಥ ಕಡೆ 0.5 ಮಿಲಿಮೀಟರೇ ಬೇಕು. ಕಣ್ಣು ಮೊದಲು ಹೋಗುವುದು ಅಂಚಿಗೆ. ಅಂಚು ದಪ್ಪವಾದರೆ ಎಷ್ಟು ಚೆಂದ ಬಣ್ಣ ಹೊಡೆದರೂ ಅದು ಆಟಿಕೆಯಾಗಿಬಿಡುತ್ತದೆ.

ಕಾಣದ ಬಾಯ್ಲರ್

ಇಎಂಇಯ ಮನುಷ್ಯರಿಗೆ ಎಂಜಿನ್ ಅಂದರೆ ಒಳಗಿನದು. ಈ ಎಂಜಿನ್ ಮೂಲದಲ್ಲಿ ಪ್ರಷ್ಯಾದ ಜಿ 10, ಐದು ಜೊತೆ ಚಾಲಕ ಚಕ್ರಗಳದು. ತೂಕ ಐದು ಅಚ್ಚಿನ ಮೇಲೆ ಹಂಚಿ ಹೋಗುವುದರಿಂದ ಗಟ್ಟಿಯಿಲ್ಲದ ಹಳಿಯ ಮೇಲೂ ಓಡಬಲ್ಲದು. ಅದರ ಮೇಲೆ ಕವಚ ಹೊದಿಸಿದರೆ ಬಾಯ್ಲರ್ ಪೂರ್ತಿ ಮುಚ್ಚಿಹೋಗುತ್ತದೆ, ಚಕ್ರಗಳೂ ಬಹುಪಾಲು ಕಾಣುವುದಿಲ್ಲ.

ಸುಬೇದಾರರು ಬಾಯ್ಲರಿನ ಕೊಳವೆಗಳನ್ನು, ಗಾಳಿ ಪಂಪನ್ನು ತಾಮ್ರದ ತಂತಿಯಲ್ಲಿ ಒಂದೊಂದಾಗಿ ಮಾಡಲು ಕೂತರು. ಕೆಲಸ ಅದ್ಭುತವಾಗಿತ್ತು. ನಿಧಾನವೂ ಆಗಿತ್ತು. ನಾನು ಹೇಳಿದೆ, "ಅಂಕಲ್, ಇದನ್ನೆಲ್ಲ ಮುಚ್ಚಿಬಿಡ್ತೀರಲ್ಲ." ಅವರು ಹೇಳಿದ್ದು ನೆನಪಿದೆ: "ಒಳಗೆ ಇದೆ ಅಂತ ನಂಗೆ ಗೊತ್ತಿರುತ್ತಲ್ಲ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಹವ್ಯಾಸದಲ್ಲಿ ಆ ಸಂತೋಷಕ್ಕೆ ಬೆಲೆ ಇದೆ. ಮೊಮ್ಮಗಳು ನಡುದಾರಿ ಹುಡುಕಿದಳು. ಎಣ್ಣೆ ಹಾಕಲು, ರಿಪೇರಿ ಮಾಡಲು ಕವಚದಲ್ಲಿ ಬಾಗಿಲುಗಳಿರಲೇಬೇಕಲ್ಲ. ಒಂದು ಬದಿಯ ಎರಡು ಬಾಗಿಲನ್ನು ತೆರೆದಿಡೋಣ, ಅವುಗಳಿಂದ ಏನು ಕಾಣುತ್ತದೋ ಅಷ್ಟನ್ನೇ ಮಾಡೋಣ ಅಂದಳು. ಸುಬೇದಾರರು ಒಪ್ಪಿದರು. ಅಲ್ಲಿಂದ ಪ್ರತಿ ಭಾಗಕ್ಕೂ ಒಂದೇ ಪ್ರಶ್ನೆ: ನೋಡುವವರು ನಿಲ್ಲುವ ಕಡೆಯಿಂದ ಇದು ಕಾಣುತ್ತದಾ? ಕಾಣದಿದ್ದರೆ ಬಿಡು.

ಕೈಲ್ ಮುಹೂರ್ತದ ದಿನ ಬಂದ ಪ್ರಶ್ನೆ

ಇಡೀ ಕೆಲಸದ ದಿಕ್ಕು ಬದಲಾದದ್ದು ಸೆಪ್ಟೆಂಬರಿನಲ್ಲಿ. ಕೈಲ್ ಮುಹೂರ್ತಕ್ಕೆ ನೆಂಟರೆಲ್ಲ ಸೇರಿದ್ದರು. ಕೋವಿ, ಕತ್ತಿಗೆ ಪೂಜೆ ಆಯಿತು, ಊಟ ಆಯಿತು. ಒಬ್ಬ ಹಿರಿಯ ನೆಂಟರು ಕೋಣೆಯೊಳಗೆ ಬಂದು ಅರ್ಧ ಕಟ್ಟಿದ ಎಂಜಿನ್ ನೋಡಿದರು. ಯಾರದು ಅಂತ ಕೇಳಿದರು. ಜರ್ಮನರದು ಅಂದಾಗ ಅವರ ಮುಖ ಗಂಭೀರವಾಯಿತು. "ನಿನ್ನ ಅಪ್ಪ ಇಟಲಿಯಲ್ಲಿ ಯಾರ ವಿರುದ್ಧ ಹೋರಾಡಿದರು? ಅವರ ರೈಲನ್ನು ಮನೆಯಲ್ಲಿ ಇಡ್ತೀಯಾ?"

ಸುಬೇದಾರರ ತಂದೆ 1943ರ ನಂತರ ಇಟಲಿಯಲ್ಲಿದ್ದ ಭಾರತೀಯ ಡಿವಿಷನ್ ಒಂದರಲ್ಲಿದ್ದವರು. ಸೈನ್ಯ ಅನ್ನುವುದು ಮನೆಮನೆಯ ಮಾತಾಗಿರುವ, ಕಾರ್ಯಪ್ಪ, ತಿಮ್ಮಯ್ಯ ಅಂಥವರ ಜಿಲ್ಲೆಯಲ್ಲಿ ಈ ಪ್ರಶ್ನೆಯನ್ನು ತಳ್ಳಿಹಾಕಲು ಆಗುವುದಿಲ್ಲ. ಸುಬೇದಾರರು ಕೆಲವು ವಾರ ಏನೂ ಮುಟ್ಟಲಿಲ್ಲ. ಎಂಜಿನ್ ಬಟ್ಟೆ ಹೊದ್ದು ಕೂತಿತು.

"ಇದು ಬರೀ ಯಂತ್ರ, ರಾಜಕೀಯ ಬೇಡ" ಅಂತ ಮಾಡೆಲ್ ಕಟ್ಟುವವರಲ್ಲಿ ಅನೇಕರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕವಚದ ರೈಲು ಏನು ಮಾಡಿತು ಅನ್ನುವುದನ್ನು ಬಿಟ್ಟು ಅದನ್ನು ತೋರಿಸಿದರೆ ನೋಡುವವರಿಗೆ ಅರ್ಧ ಸುಳ್ಳು ಹೇಳಿದ ಹಾಗೆ. ಈ ರೈಲುಗಳಲ್ಲಿ ಬಹಳಷ್ಟು ಜರ್ಮನರು ಆಕ್ರಮಿಸಿಕೊಂಡ ಸೋವಿಯತ್ ನೆಲದಲ್ಲಿ ಹಳಿ ಕಾಯುತ್ತಿದ್ದವು, ಅಲ್ಲಿನ ಗೆರಿಲ್ಲಾಗಳ ಬೇಟೆಗೆ ಹೋಗುತ್ತಿದ್ದವು.

ದಾರಿ ತೋರಿಸಿದ್ದು ತೋಪಿನ ಹೆಸರು. ಬೋಗಿಗೆ ಬೇಕಾದ ತೋಪಿನ ಅಳತೆ ಹುಡುಕುತ್ತಿದ್ದ ಮೊಮ್ಮಗಳು ಹೆಸರಿನ ಕೊನೆಯಲ್ಲಿದ್ದ ಅಕ್ಷರ ಗಮನಿಸಿದಳು. 14/19 (ಪಿ). ವಶಪಡಿಸಿಕೊಂಡ ಆಯುಧ ಯಾವ ದೇಶದ್ದು ಅಂತ ಜರ್ಮನರು ಹೀಗೆ ಅಕ್ಷರ ಸೇರಿಸಿ ಗುರುತಿಸುತ್ತಿದ್ದರು. ಅದು ಪೋಲೆಂಡ್ ಸೈನ್ಯದ 100 ಮಿಲಿಮೀಟರ್ ಹೋವಿಟ್ಜರ್. ಇನ್ನೊಂದು ಬೋಗಿಯ 7.62 ಸೆಂಟಿಮೀಟರ್ ತೋಪು ರಷ್ಯನ್ನರದು. ತುದಿಯ ಬೋಗಿಯ 38 (ಟಿ) ಟ್ಯಾಂಕ್ ಜೆಕ್ ಕಾರ್ಖಾನೆಯದು. "ಅಜ್ಜ, ಇದರಲ್ಲಿ ಜರ್ಮನರದು ಅನ್ನೋದು ಎಂಜಿನ್ನು, ತಗಡು ಅಷ್ಟೇ. ಉಳಿದದ್ದೆಲ್ಲ ಲೂಟಿ."

ಪೋಲೆಂಡಿನವರಿಗೂ ಕವಚದ ರೈಲುಗಳಿದ್ದವು. 1939ರ ಸೆಪ್ಟೆಂಬರ್ 1ರಂದು, ಯುದ್ಧದ ಮೊದಲ ದಿನವೇ, ಮೋಕ್ರಾ ಎಂಬಲ್ಲಿ ಸ್ಮಿಯಾವಿ ಅನ್ನುವ ಪೋಲಿಷ್ ಕವಚದ ರೈಲು ಜರ್ಮನರ 4ನೇ ಪ್ಯಾಂಜರ್ ಡಿವಿಷನ್ನಿನ ಟ್ಯಾಂಕ್‌ಗಳ ಮೇಲೆ ಗುಂಡು ಸುರಿಸಿತ್ತು. ಅದರಲ್ಲೂ 100 ಮಿಲಿಮೀಟರ್ ಹೋವಿಟ್ಜರ್ ಇತ್ತು. ಅದೇ ಜಾತಿಯ ತೋಪು ಈಗ ಜರ್ಮನ್ ಬೋಗಿಯೊಳಗೆ. ಸುಬೇದಾರರು ಇದನ್ನು ಕೇಳಿ ಎದ್ದು ಕೂತರು.

ಆಮೇಲೆ ನಿರ್ಧಾರಗಳು ಸಾಲಾಗಿ ಬಂದವು. ಒಂದು ದಿನಾಂಕ ಗೊತ್ತು ಮಾಡಿದರು: 1943ರ ಆಗಸ್ಟ್. ಆ ತಿಂಗಳ 3ರಂದು ಸೋವಿಯತ್ ಗೆರಿಲ್ಲಾಗಳು "ಹಳಿ ಯುದ್ಧ" ಎಂಬ ದೊಡ್ಡ ಕಾರ್ಯಾಚರಣೆ ಶುರು ಮಾಡಿ, ಜರ್ಮನರ ಬೆನ್ನ ಹಿಂದೆ ಹಳಿಗಳನ್ನು ಸ್ಫೋಟಿಸುತ್ತಾ ಹೋದರು. ಮಾಡೆಲ್ಲಿನಲ್ಲಿ ರೈಲು ನಿಂತಿರುತ್ತದೆ, ಅದರ ಮುಂದೆ ಹಳಿ ಕಿತ್ತು ಬಾಗಿರುತ್ತದೆ. ಸೈನಿಕರ ಬೊಂಬೆ ಬೇಡ. ಸ್ವಸ್ತಿಕ ಬೇಡ. ಬೋಗಿಗಳು ಮೂರು ಮಾತ್ರ: ಮುಂದೆ ಟ್ಯಾಂಕ್ ಬೋಗಿ, ನಂತರ ತೋಪಿನ ಬೋಗಿ, ಆಮೇಲೆ ಎಂಜಿನ್ ಮತ್ತು ಅದರ ಕಲ್ಲಿದ್ದಲು, ನೀರು ಹೊರುವ ಟೆಂಡರ್. ಎಂಟರಿಂದ ಮೂರಕ್ಕೆ ಇಳಿಯಲು ಒಪ್ಪದಿದ್ದ ಸುಬೇದಾರರು ಈಗ ತಾವೇ ಇಳಿಸಿದರು, ಏಕೆಂದರೆ ಹೇಳಬೇಕಾದ ವಿಷಯ ಮೂರರಲ್ಲೇ ಮುಗಿಯುತ್ತಿತ್ತು.

ಹಳಿಯೇ ಮುಖ್ಯವಾದಾಗ

ಇಲ್ಲಿಯವರೆಗೆ ಹಳಿಯ ಬಗ್ಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಂಡಿರಲಿಲ್ಲ. ಆಟದ ರೈಲಿನ ಜಿ ಗೇಜ್ ಹಳಿ ಒಂದಿಷ್ಟು ಸಿಕ್ಕಿತ್ತು, ಅದನ್ನೇ ಇಡುವ ಯೋಚನೆ ಇತ್ತು. ಈಗ ಅಳೆದು ನೋಡಿದರು. ಅದರ ಅಗಲ 45 ಮಿಲಿಮೀಟರ್. ಜರ್ಮನ್ ರೈಲಿನ 1435 ಮಿಲಿಮೀಟರ್ ಗೇಜಿಗೆ 1/35ರಲ್ಲಿ ಬೇಕಾದದ್ದು 41. ಹಳಿಯ ಎತ್ತರವೂ ಬೇಕಾದದ್ದಕ್ಕಿಂತ ಸುಮಾರು ಎರಡು ಪಟ್ಟು. ಅದನ್ನು ಪಕ್ಕಕ್ಕಿಟ್ಟರು. 4 ಮಿಲಿಮೀಟರ್ ಎತ್ತರದ ಪ್ಲಾಸ್ಟಿಕ್ ಪಟ್ಟಿಗಳಿಂದ ಹಳಿ ಮಾಡಿದರು. ಬಾಗಿದ ತುದಿಗಳನ್ನು ಮಾತ್ರ ಹಿತ್ತಾಳೆಯಲ್ಲಿ ಬಡಿದು ಮಾಡಿದರು. ಪ್ಲಾಸ್ಟಿಕ್ ಬಾಗಿಸಿದರೆ ಪ್ಲಾಸ್ಟಿಕ್ಕಿನ ಹಾಗೇ ಬಾಗುತ್ತದೆ, ಲೋಹದ ಹಾಗೆ ಸೀಳುವುದಿಲ್ಲ.

ಈ ಕೆಲಸದಲ್ಲಿ ನನಗೆ ಬಹಳ ಇಷ್ಟವಾದ ವಿವರ ಸ್ಲೀಪರಿನದು, ಅಂದರೆ ಹಳಿಯ ಅಡಿಗೆ ಅಡ್ಡಲಾಗಿ ಹಾಕುವ ಮರದ ದಿಮ್ಮಿಯದು. ಸೋವಿಯತ್ ಗೇಜ್ 1524 ಮಿಲಿಮೀಟರ್. ತಮ್ಮ ರೈಲು ಓಡಿಸಲು ಜರ್ಮನರು ಸಾವಿರಾರು ಕಿಲೋಮೀಟರ್ ಉದ್ದಕ್ಕೆ ಒಂದು ಹಳಿಯನ್ನು ಕಿತ್ತು ಒಳಕ್ಕೆ ಸರಿಸಿ ಮತ್ತೆ ಮೊಳೆ ಹೊಡೆದರು. ಅಂದರೆ 89 ಮಿಲಿಮೀಟರ್ ವ್ಯತ್ಯಾಸ. 1/35ರಲ್ಲಿ ಎರಡೂವರೆ ಮಿಲಿಮೀಟರ್. ಹಾಗಾದರೆ ಸ್ಲೀಪರಿನ ಮೇಲೆ ಹಳೆಯ ಮೊಳೆಯ ತೂತು ಉಳಿದಿರಬೇಕಲ್ಲ, ಹಳೆಯ ಹಳಿ ಕೂತಿದ್ದ ಜಾಗ ಮಾಸಿರಬೇಕಲ್ಲ. ಮೊಮ್ಮಗಳು ಪ್ರತಿ ಸ್ಲೀಪರಿನ ಒಂದು ಬದಿಯಲ್ಲಿ, ಹಳಿಯಿಂದ ಎರಡೂವರೆ ಮಿಲಿಮೀಟರ್ ಆಚೆ, ಸೂಜಿಯಿಂದ ತೂತು ಒತ್ತಿದಳು. ಒಂದು ದೇಶವನ್ನು ಆಕ್ರಮಿಸುವುದು ಅಂದರೆ ಏನು ಅನ್ನುವುದಕ್ಕೆ ಇಡೀ ಮಾಡೆಲ್ಲಿನಲ್ಲಿ ಇದಕ್ಕಿಂತ ಸ್ಪಷ್ಟವಾದ ಗುರುತು ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಸ್ಲೀಪರಿಗೆ ಮರ ತೋಟದ್ದೇ. ಕಡಿದ ಸಿಲ್ವರ್ ಓಕಿನ ಚೂರುಗಳನ್ನು 77 ಮಿಲಿಮೀಟರ್ ಉದ್ದಕ್ಕೆ ಸೀಳಿ, ತಂತಿ ಬ್ರಷ್ಷಿನಿಂದ ಎಳೆ ಎಬ್ಬಿಸಿ, ನೀರು ಬೆರೆಸಿದ ಕಪ್ಪು ಶಾಯಿ ಕುಡಿಸಿದರು. ಜಲ್ಲಿಗೆ ಎಂ ಸ್ಯಾಂಡ್. ಟೀ ಸೋಸುವ ಜರಡಿಯಲ್ಲಿ ಜಾಲಿಸಿ, 1ರಿಂದ 2 ಮಿಲಿಮೀಟರ್ ಇದ್ದದ್ದನ್ನು ಉಳಿಸಿಕೊಂಡರು. ಎಂ ಸ್ಯಾಂಡನ್ನು ತೊಳೆದು ಧೂಳು ತೆಗೆಯದಿದ್ದರೆ ಫೆವಿಕಾಲ್ ನೀರು ಹಾಕಿದಾಗ ಮೇಲೆ ಬೂದಿ ಬಣ್ಣದ ಕೆನೆ ಕಟ್ಟುತ್ತದೆ.

ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋದದ್ದು ಇದೇ ಹೊತ್ತಿಗೆ. ಅಲ್ಲಿರುವವು ಭಾರತದ ಎಂಜಿನ್‌ಗಳು, ಆಕಾರ ಬೇರೆ. ಆದರೆ ಸ್ಪ್ರಿಂಗ್, ಅಚ್ಚಿನ ಪೆಟ್ಟಿಗೆ, ಬ್ರೇಕ್ ಕಟ್ಟೆ ಎಲ್ಲ ಕಡೆ ಒಂದೇ ಕೆಲಸ ಮಾಡುತ್ತವೆ. ಕೂತು, ಬಗ್ಗಿ, ಕೆಳಗಿನಿಂದ ಫೋಟೋ ತೆಗೆದರು. ತೋಪಿನ ಬೋಗಿಯ ಕೆಳಭಾಗ ಕಟ್ಟಲು ಧೈರ್ಯ ಬಂದದ್ದು ಅಲ್ಲಿಂದ.

ತೋಪಿನ ನಳಿಗೆಯನ್ನು ಕುಶಾಲನಗರದ ಒಂದು ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂ ಕಡ್ಡಿಯಿಂದ ತಿರುಗಿಸಿಕೊಂಡರು. ನೂರು ಮಿಲಿಮೀಟರ್ ಬಾಯಿ, ಮಾಡೆಲ್ಲಿನಲ್ಲಿ ಮೂರು ಮಿಲಿಮೀಟರಿಗೂ ಕಡಿಮೆ. ಬೇಗ ಆಯಿತು, ಚೆನ್ನಾಗಿ ಬಂತು.

ಮಳೆ ಮತ್ತು ಕಾಫಿ ಕೊಯ್ಲು

ಈಗ ಈ ಪ್ರಕರಣದ ಕಷ್ಟದ ಭಾಗ. ಕೊಡಗಿನಲ್ಲಿ ಬಣ್ಣ ಹೊಡೆಯಲು ಒಳ್ಳೆಯ ಕಾಲ ಡಿಸೆಂಬರಿನಿಂದ ಫೆಬ್ರವರಿ. ಗಾಳಿ ಒಣಗಿರುತ್ತದೆ. ಆದರೆ ಅದೇ ಕಾಫಿ ಕೊಯ್ಲಿನ ಕಾಲ. ಆಳು, ಕಣ, ಮೂಟೆ, ತೂಕ, ಆಮೇಲೆ ಮೆಣಸು. ಆ ತಿಂಗಳುಗಳಲ್ಲಿ ತೋಟದ ಯಜಮಾನರಿಗೆ ಏರ್‌ಬ್ರಷ್ ಹಿಡಿಯುವ ಪುರುಸೊತ್ತು ಎಲ್ಲಿಂದ ಬರಬೇಕು? ಪುರುಸೊತ್ತು ಸಿಗುವುದು ಜೂನ್ ನಂತರ, ಮಳೆ ಹಿಡಿದು ಕೂತಾಗ. ಆಗ ಮನೆಯ ಗೋಡೆಯೇ ಬೆವರುತ್ತದೆ.

ಎರಡನೇ ಮಳೆಗಾಲದಲ್ಲಿ ಮೊದಲ ಕೋಟು ಹೊಡೆದರು, ಲ್ಯಾಕರ್ ಬಣ್ಣ, ಕಡು ಬೂದು. ಬೆಳಗ್ಗೆ ನೋಡಿದರೆ ಬೋಗಿಯ ಮೇಲೆಲ್ಲ ಬಿಳಿ ಮಬ್ಬು. ಲ್ಯಾಕರಿನ ಥಿನ್ನರ್ ಬೇಗ ಹಾರುತ್ತದೆ, ಹಾರುವಾಗ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ, ತಣ್ಣಗಾದ ಮೇಲ್ಮೈಗೆ ಗಾಳಿಯ ತೇವ ಇಬ್ಬನಿಯಾಗಿ ಕೂರುತ್ತದೆ, ಅದು ಬಣ್ಣದೊಳಗೆ ಸಿಕ್ಕಿಕೊಂಡು ಬೆಳ್ಳಗೆ ಕಾಣುತ್ತದೆ. ಸ್ಪ್ರೇ ಪೇಂಟಿಂಗ್ ಮಾಡುವವರು ಇದಕ್ಕೆ ಬ್ಲಶಿಂಗ್ ಅನ್ನುತ್ತಾರೆ.

ಸುಬೇದಾರರು ಮನೆಯ ಹಳೆ ಉಪಾಯಕ್ಕೆ ಹೋದರು. ಮಳೆಗಾಲದಲ್ಲಿ ತೇವ ಹಿಡಿಯಬಾರದ ವಸ್ತುಗಳನ್ನೆಲ್ಲ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಾರಲ್ಲ, ಬೋಗಿಯನ್ನೂ ಅಲ್ಲಿಟ್ಟರು. ಮೂರು ದಿನದಲ್ಲಿ ತೇವ ಹೋಯಿತು. ಜೊತೆಗೆ ತೆಳುವಾದ ಛಾವಣಿಯ ತಗಡು ನಡುವೆ ಇಳಿಬಿತ್ತು, ಮಸಿ ಬಣ್ಣಕ್ಕೆ ಅಂಟಿತು. ಪಾಲಿಸ್ಟೈರೀನ್ ಕರಗಲು ಬಹಳ ಬಿಸಿ ಬೇಕು, ಆದರೆ ತೆಳು ಶೀಟ್ ಬಾಗಲು ಅಷ್ಟು ಬೇಡ. ಛಾವಣಿ ಕಿತ್ತು ಹೊಸದು ಹಾಕಬೇಕಾಯಿತು. ಈ ಸಲ ಒಳಗೆ ಅಡ್ಡಪಟ್ಟಿಗಳನ್ನು ಕೊಟ್ಟು.

ಪರಿಹಾರ ಸಿಕ್ಕಿದ್ದು ಕೆಟ್ಟು ಮೂಲೆಗೆ ಬಿದ್ದಿದ್ದ ಫ್ರಿಡ್ಜಿನಲ್ಲಿ. ಹಳೆ ಫ್ರಿಡ್ಜಿನ ಗೋಡೆ ದಪ್ಪ, ಬಾಗಿಲು ಬಿಗಿ. ಅದಕ್ಕೆ ಹಳೆ ಕಾಲದ 40 ವಾಟ್ ಬಲ್ಬ್ ಹಾಕಿದರು. ಎಲ್‌ಇಡಿ ಬಲ್ಬ್ ಅಷ್ಟು ಬಿಸಿಯಾಗುವುದಿಲ್ಲ, ಉಪಯೋಗವಿಲ್ಲ. ಮೇಲೊಂದು ಕೆಳಗೊಂದು ತೂತು, ಗಾಳಿ ಆಡಲು. ಮಕ್ಕಳು ಒಳಗೆ ಹೋಗಿ ಸಿಕ್ಕಿಕೊಳ್ಳಬಾರದು ಅಂತ ಬಾಗಿಲಿನ ಚಿಲಕ ಕಿತ್ತು ಹಾಕಿದರು. ಒಳಗೆ ಒಂದು ತೇವದ ಮೀಟರ್, ಒಂದು ಥರ್ಮಾಮೀಟರ್. ಬಿಸಿ 40 ಡಿಗ್ರಿ ದಾಟದ ಹಾಗೆ ನೋಡಿಕೊಂಡರು. ಒಂದು ಎಚ್ಚರಿಕೆ: ಹಸಿ ಲ್ಯಾಕರ್ ಹೊಡೆದ ಕೂಡಲೇ ಬಲ್ಬ್ ಉರಿಯುವ ಮುಚ್ಚಿದ ಪೆಟ್ಟಿಗೆಯೊಳಗೆ ಇಡಬಾರದು. ಥಿನ್ನರಿನ ಆವಿಗೆ ಬೆಂಕಿ ಹಿಡಿಯಬಹುದು. ಹೊರಗೆ, ಕಿಟಕಿ ತೆರೆದ ಕಡೆ, ವಾಸನೆ ಹೋಗುವವರೆಗೆ ಇಟ್ಟು ಆಮೇಲೆ ಒಳಗೆ. ಬಣ್ಣ ಹೊಡೆಯುವ ಮೊದಲೂ ಬೋಗಿಯನ್ನು ಅದರಲ್ಲೇ ಬೆಚ್ಚಗೆ ಮಾಡಿಕೊಂಡರು. ಮೇಲ್ಮೈ ಬೆಚ್ಚಗಿದ್ದರೆ ಇಬ್ಬನಿ ಕೂರುವುದಿಲ್ಲ. ಥಿನ್ನರಿಗೆ ನಿಧಾನವಾಗಿ ಆರುವ ರಿಟಾರ್ಡರ್ ಸೇರಿಸಿದರು, ಕಂಪ್ರೆಸರಿಗೆ ನೀರು ಹಿಡಿಯುವ ಟ್ರ್ಯಾಪ್ ಹಾಕಿದರು.

ಆದರೂ ಯಾವ ದಿನ ಹೊಡೆಯುವುದು? ಇದಕ್ಕೆ ಉತ್ತರ ಮನೆಯಲ್ಲೇ ಇತ್ತು. ತೋಟದವರೆಲ್ಲ ಮಾಡುವ ಹಾಗೆ ಸುಬೇದಾರರೂ ದಿನಾ ಬೆಳಗ್ಗೆ ಮಳೆ ಅಳೆದು ಇಂಚು, ಸೆಂಟ್ ಲೆಕ್ಕದಲ್ಲಿ ಪುಸ್ತಕದಲ್ಲಿ ಬರೆಯುತ್ತಾರೆ. ವರ್ಷಗಟ್ಟಲೆಯ ಪುಸ್ತಕಗಳಿದ್ದವು. ಮೊಮ್ಮಗಳು ಅವನ್ನು ತಿರುವಿ ಹಾಕಿ, ಮಳೆ ಬಿಡುವು ಕೊಡುವ ದಿನಗಳು ಯಾವ ಹೊತ್ತಿಗೆ ಬರುತ್ತವೆ ಅಂತ ನೋಡಿದಳು. ಆ ತೋಟದಲ್ಲಿ ಆಗಸ್ಟಿನ ಕೊನೆಯಿಂದ ಬಿಡುವು ಜಾಸ್ತಿ. ಅಲ್ಲಿಯವರೆಗೆ ಅಂಟಿಸುವ ಕೆಲಸ, ಹಳಿಯ ಕೆಲಸ, ಕುಂಚದಲ್ಲಿ ಮಾಡುವ ಸಣ್ಣ ಕೆಲಸ. ಬಿಡುವು ಬಂದ ಕೂಡಲೇ ಸ್ಪ್ರೇ. ಎಲ್ಲ ಭಾಗವೂ ತಯಾರಾಗಿ ಫ್ರಿಡ್ಜಿನಲ್ಲಿ ಕಾಯುತ್ತಿರಬೇಕು.

ಬಣ್ಣದ ಬಗ್ಗೆ ಒಂದು ಒತ್ತಡ ಬಂದಿತ್ತು. ಮೂರು ಬಣ್ಣದ ಮರೆವೇಷ ಬಿಟ್ಟು ಬೂದು ಒಂದನ್ನೇ ಉಳಿಸಿದರೆ ಒಂದೇ ಸಲಕ್ಕೆ ಮುಗಿಯುತ್ತದೆ, ದಿನಾಂಕವನ್ನು 1942ಕ್ಕೆ ಸರಿಸೋಣ ಅಂತ ಸುಬೇದಾರರು ಕೇಳಿದರು. ಜರ್ಮನ್ ಸೈನ್ಯ ಕಡು ಬೂದು ಬಿಟ್ಟು ಕಡು ಹಳದಿಗೆ ಬಂದದ್ದು 1943ರ ಫೆಬ್ರವರಿಯಲ್ಲಿ. ನಾನು ಬೇಡ ಅಂದೆ. ದಿನಾಂಕ ಸರಿಸಿದರೆ ಹಳಿ ಯುದ್ಧವೇ ಹೋಗುತ್ತದೆ, ಮುಂದೆ ಕಿತ್ತ ಹಳಿಗೆ ಅರ್ಥ ಉಳಿಯುವುದಿಲ್ಲ. ಮಳೆಗೆ ಹೆದರಿ ಇತಿಹಾಸ ಬದಲಿಸಬಾರದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದರು. ಹೊಡೆದಿದ್ದ ಬೂದು ಬಣ್ಣವೂ ವ್ಯರ್ಥವಾಗಲಿಲ್ಲ. 1942ರಲ್ಲಿ ಬೂದು ಹೊಡೆದ ರೈಲಿಗೆ 1943ರಲ್ಲಿ ಮೇಲೆ ಹಳದಿ ಹೊಡೆದರೆ, ಉಜ್ಜಿದ ಕಡೆ ಕೆಳಗಿನ ಬೂದು ಕಾಣಬೇಕು. ಬಿಳಿ ಮಬ್ಬು ಬಂದ ಕೋಟನ್ನು ನಯವಾಗಿ ಉಜ್ಜಿ, ಅದರ ಮೇಲೇ ಹಳದಿ, ಆಮೇಲೆ ಹಸಿರು, ಕೆಂಗಂದು ಹೊಡೆದರು. ಮೆಟ್ಟಿಲು, ಹಿಡಿಕೆ, ಬಾಗಿಲಿನ ಅಂಚಿನಲ್ಲಿ ಬೂದು ಬಣ್ಣವನ್ನು ಹೊರಕ್ಕೆ ಬಿಟ್ಟರು.

ಏನಾಯಿತು

ಮೂರನೇ ವರ್ಷದ ಹೂಮಳೆಯ (ಕಾಫಿ ಗಿಡ ಹೂ ಬಿಡಿಸುವ ಮಳೆ) ಹೊತ್ತಿಗೆ ಮಾಡೆಲ್ ಮುಗಿಯಿತು. ಐದಡಿ ಹಲಗೆ. ಒಂದೇ ಹಲಗೆ ಹಾಕಿದರೆ ಮಳೆಗಾಲದಲ್ಲಿ ಬಾಗುತ್ತದೆ ಅಂತ ಮರೈನ್ ಪ್ಲೈನ ಎರಡು ತುಂಡು ಮಾಡಿ, ಹಳಿಯ ಕೀಲು ಬರುವ ಜಾಗದಲ್ಲೇ ಜೋಡಿಸಿ, ಅಡಿಗೆ ಅಲ್ಯೂಮಿನಿಯಂ ಚೌಕಟ್ಟು ಕೊಟ್ಟರು. ಬೋಗಿಗಳನ್ನು ಅಂಟಿಸಿಲ್ಲ, ಕೆಳಗಿನಿಂದ ಸ್ಕ್ರೂ. ಜೋರು ಮಳೆಯ ತಿಂಗಳುಗಳಲ್ಲಿ ಬಿಚ್ಚಿ ಫ್ರಿಡ್ಜಿಗೆ ಸೇರಿಸಬಹುದು. ಅಕ್ರಿಲಿಕ್ ಮುಚ್ಚಳದ ಒಳಗೆ ನೀಲಿ ಸಿಲಿಕಾ ಜೆಲ್ಲಿನ ಚೀಲ ಇದೆ. ತೇವ ಕುಡಿದರೆ ಗುಲಾಬಿಯಾಗುತ್ತದೆ, ಬಿಸಿ ಮಾಡಿದರೆ ಮತ್ತೆ ನೀಲಿ.

ಎಲ್ಲವೂ ಸರಿ ಬಂದಿಲ್ಲ. ತೋಪಿನ ಬೋಗಿಯ ಟರೆಟ್, ಅಂದರೆ ತೋಪು ಕೂರುವ ತಿರುಗುವ ಗೋಪುರ, ಒಂದು ಕಡೆ ಸ್ವಲ್ಪ ವಾಲಿದೆ, ಅದನ್ನು ಬಿಚ್ಚಿ ಮಾಡುವುದು ಬೇಡ ಅಂತ ಬಿಟ್ಟರು. ಎಂಜಿನ್ನಿನ ತೆರೆದ ಬಾಗಿಲಿನೊಳಗಿನ ತಾಮ್ರದ ಕೊಳವೆಗಳು ಮಾತ್ರ ನೋಡಿದವರನ್ನೆಲ್ಲ ಹಿಡಿದು ನಿಲ್ಲಿಸುತ್ತವೆ. ಆ ವಾದದಲ್ಲಿ ಸುಬೇದಾರರದೂ ಮೊಮ್ಮಗಳದೂ ಇಬ್ಬರದೂ ಸರಿಯಿತ್ತು.

ಇಂಥ ಕೆಲಸಕ್ಕೆ ಇಳಿಯುವವರು ಯಾರಾದರೂ ನನ್ನನ್ನು ಕೇಳಿದರೆ, ಕತ್ತರಿ ಹಿಡಿಯುವ ಮೊದಲು ಒಂದು ತಿಂಗಳು, ಒಂದು ಜಾಗ ಗೊತ್ತು ಮಾಡಿಕೊಳ್ಳಿ ಅನ್ನುತ್ತೇನೆ. ಈ ಪ್ರಕರಣದಲ್ಲಿ ಬೋಗಿಗಳ ಸಂಖ್ಯೆ, ಹಳಿ, ಬಣ್ಣ, ಬೊಂಬೆ ಬೇಕೋ ಬೇಡವೋ, ಎಲ್ಲವೂ 1943ರ ಆಗಸ್ಟ್ ಅಂತ ಬರೆದ ಮೇಲೆ ತಾವಾಗಿ ಬಗೆಹರಿದವು. ಅದಕ್ಕೆ ಮೊದಲು ಪ್ರತಿಯೊಂದಕ್ಕೂ ಜಗಳವಾಗುತ್ತಿತ್ತು. ಹವಾಮಾನದ ಬಗ್ಗೆಯೂ ಹೀಗೇ. ವಿದೇಶದ ವೀಡಿಯೋ ನೋಡಿ ಅವರ ಕಾಲಸೂಚಿ ಹಿಡಿಯಬೇಡಿ. ನಿಮ್ಮ ಊರಿನ ಮಳೆ, ನಿಮ್ಮ ಮನೆಯ ಕೆಲಸ ನೋಡಿಕೊಂಡು ಮೊದಲು ಸ್ಪ್ರೇ ಮಾಡುವ ದಿನ ಗುರುತು ಹಾಕಿ, ಉಳಿದದ್ದನ್ನು ಅದರ ಸುತ್ತ ಜೋಡಿಸಿ.

ಪ್ರಶ್ನೆ ಕೇಳಿದ್ದ ಹಿರಿಯ ನೆಂಟರು ಮುಗಿದ ಮೇಲೆ ಬಂದು ನೋಡಿದರು. ಹಲಗೆಯ ಮುಂದೆ ಸುಬೇದಾರರು ಕನ್ನಡದಲ್ಲಿ ಬರೆಸಿದ ಫಲಕ ಇದೆ: ತೋಪು ಪೋಲೆಂಡಿನದು, ಟ್ಯಾಂಕ್ ಜೆಕ್ಕರದು, ನೆಲ ಸೋವಿಯತ್ ಜನರದು, ಹಳಿ ಕಿತ್ತವರು ಅವರೇ. ಅವರು ಅದನ್ನು ಓದಿ, ಕನ್ನಡಕ ಮೇಲೆತ್ತಿ ಕಿತ್ತ ಹಳಿಯ ಹತ್ತಿರ ಬಗ್ಗಿ ನೋಡಿ, ಸ್ಫೋಟದ ಗುಂಡಿಯೊಳಗಿನ ಮಣ್ಣು ಇನ್ನೂ ಸ್ವಲ್ಪ ಕಪ್ಪಾಗಬೇಕು ಅಂದರು. ಅವರು ಸೈನ್ಯದಲ್ಲಿ ಸ್ಯಾಪರ್, ಅಂದರೆ ಸೇತುವೆ, ಸ್ಫೋಟಕದ ಕೆಲಸ ಮಾಡುವ ಸೈನಿಕ, ಆಗಿದ್ದವರು. ಮುಂದಿನ ವಾರವೇ ಸುಬೇದಾರರು ಅದನ್ನು ಸರಿಪಡಿಸಿದರು.